ಮೈಕ್ ಇಲ್ಲ, ಭಾಷಣ ಇಲ್ಲ: ಶಿರಸಿ ಸೀಮೆಯ ಜಗಲಿಯಲ್ಲಿ ಒಂದು ವರ್ಷದ ಬೈಠಕ್

ಮನೆಗೆ ವರ್ಷಕ್ಕೆ 3,000 ರೂಪಾಯಿ ಮುಂಗಡ. ಮೈಕ್ ಇಲ್ಲ. ವೇದಿಕೆ ಇಲ್ಲ. ಸನ್ಮಾನ, ಭಾಷಣ, ವಂದನಾರ್ಪಣೆ ಯಾವುದೂ ಇಲ್ಲ. ನಮ್ಮ ಮನೆ ಜಗಲಿಯ ಮೇಲೆ ತಿಂಗಳಿಗೊಂದು ಬೈಠಕ್, ಅಂದರೆ ಹತ್ತಿರ ಕೂತು ಕೇಳುವ ಸಂಗೀತ ಕಛೇರಿ. ಹೀಗೆ ಮಾಡುತ್ತೇನೆ ಎಂದಾಗ ಶಿರಸಿ, ಸಿದ್ದಾಪುರ ಕಡೆ ಕಾರ್ಯಕ್ರಮ ಮಾಡಿ ಕೈ ಸುಟ್ಟುಕೊಂಡ ನಾಲ್ಕೈದು ಜನ ನನ್ನನ್ನು ಕೂರಿಸಿ ಬುದ್ಧಿ ಹೇಳಿದರು. "ಪುಕ್ಕಟೆ ಇಟ್ರೂ ಜನ ಬರೋದಿಲ್ಲ ಭಾವಾ, ದುಡ್ಡು ಕೊಟ್ಟು ಬರ್ತಾರಾ?" ಎಂದರು ಒಬ್ಬರು. "ಮಳೆಗಾಲದಲ್ಲಿ ಮೈಕ್ ಇಲ್ದೇ ಎಂತ ಕೇಳ್ತು?" ಎಂದರು ಇನ್ನೊಬ್ಬರು.

ಈಗ ವರ್ಷ ಮುಗಿದಿದೆ. 2024ರ ಜೂನ್‌ನಿಂದ 2025ರ ಮೇವರೆಗೆ, ನವೆಂಬರ್ ಒಂದು ಬಿಟ್ಟು, ಪ್ರತಿ ತಿಂಗಳೂ ನಡೆಯಿತು. ಯಾವ ಕಲಾವಿದರ ಬಾಕಿಯೂ ಇಲ್ಲ. ಕೈಯಲ್ಲಿ 8,000 ಚಿಲ್ಲರೆ ಉಳಿದಿದೆ. ಬುದ್ಧಿ ಹೇಳಿದವರಲ್ಲಿ ಇಬ್ಬರು ಈಗ ನಮ್ಮ ಚೀಟಿದಾರರು, ಅಂದರೆ ವರ್ಷದ ದುಡ್ಡು ಮುಂಗಡ ಕೊಟ್ಟವರು. ಹೇಗೆ ಮಾಡಿದೆ ಎಂದು ಫೋನ್ ಮಾಡಿ ಕೇಳುವವರು ಜಾಸ್ತಿಯಾಗಿದ್ದಾರೆ. ಎಲ್ಲರಿಗೂ ಬಿಡಿ ಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡೋಣ ಎಂದು ಕೂತಿದ್ದೇನೆ. ಅಂಕಿಗಳೆಲ್ಲ ನೆನಪಿನವು, ಸ್ವಲ್ಪ ಆಚೀಚೆ ಆಗಬಹುದು.

ನಾನು ತಬಲಾ ನುಡಿಸುವವನು. ಎರಡು ಎಕರೆ ಅಡಿಕೆ ತೋಟ ಇದೆ, ಹೊಟ್ಟೆಪಾಡು ಅದರಿಂದ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಾಡುವವರಿಗೆ ಬರವಿಲ್ಲ ಎನ್ನುವುದು ನಿಮಗೆಲ್ಲ ಗೊತ್ತೇ ಇದೆ. ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಅವರ ಹತ್ತಿರ ಕಲಿತ ಗಣಪತಿ ಭಟ್ಟ ಹಾಸಣಗಿ, ಪರಮೇಶ್ವರ ಹೆಗಡೆ ಅಂಥವರು ನಮ್ಮ ಕಡೆಯವರೇ. ಅವರ ಕೈಕೆಳಗೆ ಕಲಿತವರು, ಅವರನ್ನು ಕೇಳಿ ಕಲಿತವರು ಘಟ್ಟದ ಮೇಲೂ ಕೆಳಗೂ ಇದ್ದಾರೆ. ಯಕ್ಷಗಾನದ ಮಾತಂತೂ ಬೇಡ. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಮೇಳ ಕಟ್ಟಿದ್ದು 1934ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಭಾಗವತರು, ಎಷ್ಟು ಮದ್ದಳೆಗಾರರು! ಇಷ್ಟೆಲ್ಲ ಇದ್ದೂ ಚೆನ್ನಾಗಿ ಕಲಿತ ಹುಡುಗಿಯೊಬ್ಬಳು ಎರಡು ಗಂಟೆ ಕೂತು ಒಂದು ರಾಗ ಹಾಡಬೇಕೆಂದರೆ ಜಾಗ ಇಲ್ಲ. ಉತ್ಸವಗಳಲ್ಲಿ 20 ನಿಮಿಷ ಕೊಡುತ್ತಾರೆ, ಅದರಲ್ಲಿ ಐದು ನಿಮಿಷ ನಿರೂಪಕರದು. ನನಗೆ ಹೊಟ್ಟೆ ಉರಿಯುತ್ತಿದ್ದದ್ದು ಇದಕ್ಕೆ.

ಇದಕ್ಕೆ ಮೊದಲು ಬೇರೆ ರೀತಿಗಳಲ್ಲೂ ಮಾಡಿ ನೋಡಿದ್ದೆ. ಪೇಟೆಯಲ್ಲಿ ಹಾಲ್ ಹಿಡಿದು, ಉಚಿತ ಪ್ರವೇಶ ಎಂದು ಬ್ಯಾನರ್ ಕಟ್ಟಿದ್ದು ಮೊದಲನೆಯದು. ಹಾಲ್ ಬಾಡಿಗೆ 6,000. ಸೌಂಡ್ 9,000. ಬ್ಯಾನರ್, ಕರಪತ್ರ, ಹಾರ, ಶಾಲು, ಫಲತಾಂಬೂಲ ಎಲ್ಲ ಸೇರಿ ಇನ್ನೊಂದು 5,000. ಹಾಡುವವರು, ತಬಲಾ, ಹಾರ್ಮೋನಿಯಂ ಮೂವರಿಗೂ ಸೇರಿ ಉಳಿದದ್ದು 7,000. ಅಂದರೆ ಹಾಡಿಗೆ ಒಂದು ಪಾಲು, ಹಾಡಿನ ಸುತ್ತಲಿನದಕ್ಕೆ ಮೂರು ಪಾಲು. ಕೇಳಲು ಬಂದವರು ಮೂವತ್ತು ಜನ ಇರಲಿಲ್ಲ, ಅದರಲ್ಲಿ ವೇದಿಕೆಯ ಮೇಲೆ ಕೂತವರೇ ಎಂಟು. 25,000 ಕೊಡುತ್ತೇನೆ ಎಂದಿದ್ದ ಪ್ರಾಯೋಜಕರೊಬ್ಬರು 5,000 ಕೊಟ್ಟು ಮುಕ್ಕಾಲು ಗಂಟೆ ಮಾತಾಡಿದರು. ಹಾಲ್‌ನವರು ಒಂಬತ್ತಕ್ಕೆ ಬೀಗ ಹಾಕುತ್ತೇವೆ ಎಂದು ನಿಂತರು. ಪಾಪ, ಗಾಯಕರು ನಿಧಾನದ ಬಡಾ ಖ್ಯಾಲ್ ಬಿಟ್ಟು ಸೀದಾ ಚುರುಕಿನ ಛೋಟಾ ಖ್ಯಾಲ್‌ಗೆ ಇಳಿದರು. ಆ ಕಾರ್ಯಕ್ರಮದ ಸಾಲ ತೀರಿಸಲು ಒಂದು ಕ್ವಿಂಟಲ್‌ನ ಹತ್ತಿರ ಚಾಲಿ (ಒಣಗಿಸಿ ಸುಲಿದ ಅಡಿಕೆ) ಹೊತ್ತಿಗೆ ಮೊದಲೇ ಮಾರಿದೆ.

ಆಮೇಲೆ ಬಾಗಿಲಲ್ಲಿ 100 ರೂಪಾಯಿ ಟಿಕೆಟ್ ಇಟ್ಟು ನೋಡಿದೆ. ಸಂಜೆ ಐದಕ್ಕೆ ಮಳೆ ಬಂತು, ಯಾರೂ ಬರಲಿಲ್ಲ. ಇಷ್ಟವಿದ್ದಷ್ಟು ಕೊಡಿ ಎಂದು ಹುಂಡಿ ಇಟ್ಟೂ ನೋಡಿದೆ. ಜನ ಬಂದರು, ಹುಂಡಿಯಲ್ಲಿ 1,100 ರೂಪಾಯಿ ಇತ್ತು.

ಇಷ್ಟಾದ ಮೇಲೆ ನನಗೆ ಖಚಿತವಾದದ್ದು ಇದು. ಮಳೆ ಬಂದ ದಿನ ಮನೆಯಲ್ಲೇ ಇರುವ ಮನುಷ್ಯನನ್ನು ಹೊರಡಿಸುವುದು ಮೊದಲೇ ಕೊಟ್ಟ ದುಡ್ಡು ಮಾತ್ರ. ವರ್ಷದ ಚೀಟಿ ಅದಕ್ಕೇ. ತಲೆಗೆ ಇಷ್ಟು ಎಂದು ಇಡಲಿಲ್ಲ, ಮನೆಗೆ ಇಷ್ಟು ಎಂದು ಇಟ್ಟೆ. ಆ ಮನೆಯಿಂದ ಒಬ್ಬರು ಬರಲಿ, ಆರು ಜನ ಬರಲಿ, ಬಂದ ನೆಂಟರನ್ನೂ ಕರೆತರಲಿ. ತಲೆಗೆ ಇಷ್ಟು ಎಂದರೆ ಅಮ್ಮಂದಿರು ಮನೆಯಲ್ಲೇ ಉಳಿಯುತ್ತಾರೆ. ಅವರು ಬರದಿದ್ದರೆ ಎರಡನೇ ತಿಂಗಳಿಗೆ ಗಂಡಸರೂ ಬರುವುದಿಲ್ಲ. ಇದನ್ನು ಬರೆದಿಟ್ಟುಕೊಳ್ಳಿ.

ಏಪ್ರಿಲ್, ಮೇ ತಿಂಗಳು ಮದುವೆ, ಉಪನಯನದ ಊಟಕ್ಕೆ ಹೋದಲ್ಲೆಲ್ಲ ಪಂಕ್ತಿ ಮುಗಿದ ಮೇಲೆ ಇದೇ ಮಾತು. ಇಪ್ಪತ್ತು ಮನೆ ಆದದ್ದು ಹಾಗೆ. ಮುಂದಿನದು ನಿಂತೇ ಹೋಯಿತು. ಆಗ ದಿಕ್ಕು ಬದಲಾಯಿಸಿದೆ. ನಮ್ಮ ಊರುಗಳ ಪರಿಸ್ಥಿತಿ ಗೊತ್ತಲ್ಲ, ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಇಬ್ಬರೇ ಮನೆಯಲ್ಲಿ. ಅಂಥ ಮಕ್ಕಳಿಗೆ ಫೋನ್ ಮಾಡಿದೆ. "ತಿಂಗಳಿಗೊಂದು ಸಂಜೆ ನಿಮ್ಮ ಅಪ್ಪ ಅಮ್ಮನ್ನ ಕರೆದುಕೊಂಡು ಬಂದು, ಹಾಡು ಕೇಳಿಸಿ, ತಿಂಡಿ ಕೊಟ್ಟು, ವಾಪಸ್ ಮನೆ ಬಾಗಿಲಿಗೆ ಬಿಡ್ತೇವೆ" ಎಂದೆ. ಬೇಡ ಎಂದವರೇ ಇಲ್ಲ. ಚೀಟಿದಾರರಲ್ಲಿ ಕಾರು, ಓಮ್ನಿ ಇದ್ದವರು ದಾರಿಯಲ್ಲಿ ಸಿಗುವ ಇಬ್ಬರು ಹಿರಿಯರನ್ನು ಹತ್ತಿಸಿಕೊಂಡು ಬರಬೇಕು ಎನ್ನುವುದು ಚೀಟಿಯ ಷರತ್ತೇ ಆಯಿತು. ಹೀಗೆ 45 ಮನೆ. ಇನ್ನು ಏಳೆಂಟು ಜನ ದೂರದ ಊರಿನವರು, ಬರಲು ಆಗದಿದ್ದರೂ ಸುಮ್ನೆ ಚೀಟಿ ಮಾಡಿಸಿದರು. ಜಗಲಿಯಲ್ಲಿ ಒತ್ತಿ ಕೂತರೆ 70 ಜನ ಹಿಡಿಯುತ್ತದೆ. ಸರಾಸರಿ 55 ಜನ ಬಂದಿದ್ದಾರೆ.

ಎರಡನೆಯ ನಿಯಮ, ಕಲಾವಿದರು ವಾಹನದಿಂದ ಇಳಿದ ಕೂಡಲೇ ಲಕೋಟೆ ಕೈಗೆ ಕೊಡುವುದು. ಕಷಾಯಕ್ಕಿಂತ ಮೊದಲು. ಕಾರ್ಯಕ್ರಮ ಮುಗಿದ ಮೇಲೆ ಸಂಘಟಕರು ಕಾಣೆಯಾಗುವ ಕಥೆ ನಾನು ತಬಲಾ ಹಿಡಿದು ಊರೂರು ತಿರುಗಿದಾಗ ಬೇಕಾದಷ್ಟು ಅನುಭವಿಸಿದ್ದೇನೆ. ಲಕೋಟೆ ಮೊದಲೇ ಸಿಕ್ಕರೆ ಹಾಡುವವರ ಕೂರುವ ರೀತಿಯೇ ಬೇರೆ. ಈ ಸುದ್ದಿ ಹಬ್ಬಲು ಎರಡು ತಿಂಗಳು ಸಾಕಾಯಿತು. ಮೂರನೆಯ ತಿಂಗಳಿಂದ ಕಲಾವಿದರೇ ಕೇಳಲು ಶುರು ಮಾಡಿದರು. ದೊಡ್ಡ ಹೆಸರಿನ ಇಬ್ಬರು ಬೇರೆ ಕಡೆ ತೆಗೆದುಕೊಳ್ಳುವುದರ ಅರ್ಧಕ್ಕೆ ನಮ್ಮಲ್ಲಿ ಹಾಡಿದ್ದಾರೆ. ಅವರಿಗೆ ಫೋನಿನಲ್ಲಿ ಏನು ಹೇಳುತ್ತೇನೆ ಎನ್ನುವುದು ನನ್ನ ಹತ್ತಿರವೇ ಇರಲಿ.

ಇನ್ನು ಸದ್ದಿನ ವಿಷಯ. ಜೂನ್ ಬೈಠಕ್‌ನಲ್ಲೇ ಕಷ್ಟ ಗೊತ್ತಾಯಿತು. ಜಗಲಿಯ ಮೇಲೆ ಹಂಚಿನ ಮಾಡು, ಕೆಳಗೆ ಹಲಗೆಯ ಮುಚ್ಚಿಗೆ. ಅಲ್ಲಿ ಮಳೆ ಸದ್ದು ಅಷ್ಟಿಲ್ಲ. ಆದರೆ ಎದುರಿನ ಅಂಗಳಕ್ಕೆ ಅಡಿಕೆಗೆಂದು ಹಾಕಿಸಿದ ತಗಡಿನ ಚಪ್ಪರ ಇದೆ. ಜೋರು ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಗಾಯಕರು ನಿಧಾನದ ವಿಲಂಬಿತ ಎತ್ತಿಕೊಂಡರು, ಮಳೆ ಹೊಡೆಯಿತು, ಮೂರನೇ ಸಾಲಿಗೆ ಸಮ್, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿ ಬಿತ್ತು ಎನ್ನುವುದೂ ತಿಳಿಯಲಿಲ್ಲ. ಮರುದಿನದಿಂದ ತಗಡಿನ ಮೇಲೆ ಪ್ರಯೋಗ. ಗೋಣಿಚೀಲ ಹಾಸಿದೆ, ನೀರು ಕುಡಿದು ಭಾರವಾಗಿ ಜಾರಿ ಬಿತ್ತು. ಥರ್ಮಾಕೋಲ್ ಒಳಗಡೆ ಅಂಟಿಸಿದೆ, 2,200 ರೂಪಾಯಿ ಹೋಯಿತು, ಸದ್ದು ಹಾಗೇ ಇತ್ತು. ಕೊನೆಗೆ ಹಳೇ ಉಪಾಯವೇ ಬಂತು, ಅಡಿಕೆ ಸೋಗೆ, ಅಂದರೆ ಮರದ ಗರಿ. ತಗಡಿನ ಮೇಲೆ ಸೋಗೆ ಹಾಸಿ, ಅಡಿಕೆ ದಬ್ಬೆ (ಸೀಳಿದ ಮರ) ಅಡ್ಡ ಇಟ್ಟು ಬಿಗಿದೆ. ಹನಿ ಸೋಗೆಯ ಮೇಲೆ ಬಿದ್ದು ಒಡೆಯುತ್ತದೆ, ತಗಡಿಗೆ ತಾಗುವುದೇ ಇಲ್ಲ. ಆಳಿನ ಕೂಲಿ ಬಿಟ್ಟರೆ ಖರ್ಚು ಸೊನ್ನೆ. ಒಂದು ಪದರ ಸಾಲದು, ಎಷ್ಟು ಬೇಕು ಎನ್ನುವುದು ನಿಮ್ಮ ಮಾಡಿನ ಇಳಿಜಾರು ನೋಡಿ ನಿರ್ಧರಿಸಿ.

ಹಾಡುವವರು ಎಲ್ಲಿ ಕೂರಬೇಕು ಎನ್ನುವುದಕ್ಕೂ ಹೀಗೆಯೇ ಹುಡುಕಾಟ. ಎಲ್ಲರೂ ಜಗಲಿಯ ನಡುವೆ ಗೋಡೆಗೆ ಬೆನ್ನು ಹಾಕಿ ಕೂರಿಸುತ್ತಾರೆ. ನಮ್ಮಲ್ಲಿ ಅದು ಎಲ್ಲಕ್ಕಿಂತ ಕೆಟ್ಟ ಜಾಗ. ರಾತ್ರಿ ಎಲ್ಲರೂ ಮಲಗಿದ ಮೇಲೆ ಚಪ್ಪಾಳೆ ತಟ್ಟುತ್ತಾ ಜಗಲಿ ಪೂರ್ತಿ ನಡೆದು ನೋಡಿದೆ. ಒಂದು ಕಂಬದ ಹತ್ತಿರ ಚಪ್ಪಾಳೆ ದುಂಡಗೆ ಕೇಳಿತು. ಯಾವ ಕಂಬ ಎಂದು ಬಂದವರಿಗೆಲ್ಲ ತೋರಿಸುತ್ತೇನೆ, ಏಕೆ ಎಂದು ಮಾತ್ರ ಹೇಳುವುದಿಲ್ಲ. ನಿಮ್ಮ ಮನೆಯ ಕಂಬ ನೀವೇ ಹುಡುಕಬೇಕು. ಕೇಳುವವರನ್ನು ಮೂರು ಕಡೆಯಿಂದ ಸುತ್ತ ಕೂರಿಸಿದರೆ ಕೊನೆಯ ಸಾಲಿಗೂ ತಾನಪುರದ ಝೇಂಕಾರ ತಲುಪುತ್ತದೆ. ಬಿಳಿ ಎರಡರಲ್ಲಿ (ಹಾರ್ಮೋನಿಯಂನ ಎರಡನೇ ಬಿಳಿ ಮನೆಯ ಶ್ರುತಿ) ಹಾಡಿದ ಒಬ್ಬ ಹುಡುಗನ ತಗ್ಗಿನ ಮಂದ್ರ ಪಂಚಮ ಅಡುಗೆಮನೆ ಬಾಗಿಲಲ್ಲಿ ನಿಂತ ನನ್ನ ಅತ್ತಿಗೆಗೆ ಕೇಳಿದೆ. ಮೈಕ್ ಇದ್ದ ಹಾಲ್‌ನಲ್ಲಿ ಮುಂದಿನ ಸಾಲಿನಲ್ಲಿ ಕೂತರೂ ನನಗೆ ಅಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ.

ತಬಲಾದವರಿಗೆ ಒಂದು ಮಾತು. ಮಳೆಗಾಲದಲ್ಲಿ ಪುಡಿ (ತಬಲಾದ ಬಾಯಿಗೆ ಬಿಗಿದ ಚರ್ಮ) ಸಡಿಲಾಗುವುದು ಹೊಸ ವಿಷಯವಲ್ಲ. ಸಂಜೆ ಹೊತ್ತಿಗೆ ಶ್ರುತಿ ಅರ್ಧ ಸ್ವರ ಕೆಳಗೆ ಇಳಿದಿರುತ್ತದೆ, ಬಿಗಿ ಮಾಡಲು ಮರದ ಗಟ್ಟೆ ಹೊಡೆದಷ್ಟೂ ಪುಡಿಯ ಆಯಸ್ಸು ಕಡಿಮೆ. ಪ್ಲೈವುಡ್ ಪೆಟ್ಟಿಗೆ ಮಾಡಿಸಿ ಒಳಗೆ ಬಲ್ಬ್ ಉರಿಸುವುದು ಎಲ್ಲರೂ ಮಾಡುವುದೇ. ನಾನು 100 ವ್ಯಾಟ್ ಹಾಕಿ ನೋಡಿದಾಗ ಪುಡಿಯ ನಡುವಿನ ಕಪ್ಪು ಕರಣೆ ಬಿರುಕು ಬಿಟ್ಟಿತು. ಹೊಸ ಪುಡಿಗೆ 900 ಹೋಯಿತು. 60 ವ್ಯಾಟ್, ಎರಡು ಗಂಟೆ ಸರಿ. ಎಲ್‌ಇಡಿ ಬಲ್ಬ್‌ಗೆ ಅಷ್ಟು ಬಿಸಿ ಬರುವುದಿಲ್ಲ, ಹಳೇ ಬಲ್ಬ್ ಸಿಕ್ಕಲ್ಲಿ ನಾಲ್ಕು ತೆಗೆದಿಟ್ಟುಕೊಳ್ಳಿ. ಕರೆಂಟ್ ಇಲ್ಲದ ದಿನ ಕೆಲವರು ಬಚ್ಚಲು ಒಲೆಯ ಹತ್ತಿರ ಇಡುತ್ತಾರೆ, ಅಲ್ಲಿ ಆವಿ ಜಾಸ್ತಿ. ಅಡುಗೆಮನೆಯ ಅಟ್ಟದ ಮೇಲೆ, ಒಲೆಯ ನೇರಕ್ಕೆ ಇಡಿ. ಒಣ ಬಿಸಿ, ಹದವಾಗಿ ಏರುತ್ತದೆ.

ಕರೆಂಟ್ ಮಾತು ಬಂತಲ್ಲ. ಜುಲೈ ಬೈಠಕ್ ದಿನ ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ಹಿಂದಿನ ರಾತ್ರಿಯ ಗಾಳಿಗೆ ಎಲ್ಲೋ ಮರ ಬಿದ್ದಿತ್ತು. ಆ ದಿನ ಪೇಟೆಯಲ್ಲಿ ಇದ್ದ ಒಂದು ಕಾರ್ಯಕ್ರಮ ಜನರೇಟರ್ ಕೈಕೊಟ್ಟು ನಿಂತಿತು. ನಮ್ಮಲ್ಲಿ ನಿಲ್ಲುವಂಥದ್ದು ಏನೂ ಇರಲಿಲ್ಲ. ಎಲೆಕ್ಟ್ರಾನಿಕ್ ತಾನಪುರ ಬದಿಗಿಟ್ಟು ಮಿರಜ್ ತಾನಪುರ ಎರಡನ್ನೂ ಕೆಳಗಿಳಿಸಿದೆವು. ನಾಲ್ಕು ಲಾಟೀನು. ಅಂದು ಕೇಳಿದ ಮಳೆಗಾಲದ ರಾಗ ಮಲ್ಹಾರ ಇನ್ನೂ ಕಿವಿಯಲ್ಲಿದೆ. ಪೇಟೆಯಲ್ಲಿ ಕಾರ್ಯಕ್ರಮ ನಿಂತು ಸುಮ್ನೆ ವಾಪಸ್ ಹೊರಟಿದ್ದ ಇಬ್ಬರು ದಾರಿಯಲ್ಲಿ ನಮ್ಮ ಮನೆಗೆ ಬಂದರು, ಕೂತರು, ಹೋಗುವಾಗ ಚೀಟಿ ಮಾಡಿಸಿದರು. ಮೊದಲು ಹೇಳಿದ ಬುದ್ಧಿವಾದದ ಇಬ್ಬರು ಇವರೇ.

ಮಳೆಗಾಲದ ಜನರ ಲೆಕ್ಕ ಬೇರೆಯೇ ಇದೆ. ಜೋರು ಮಳೆ ಇದ್ದ ದಿನ ಜಗಲಿ ತುಂಬುತ್ತದೆ. ಎರಡು ದಿನ ಮಳೆ ಬಿಟ್ಟು ಹೊಳವಾದರೆ ಎಲ್ಲರೂ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯಲು ತೋಟಕ್ಕೆ ಇಳಿಯುತ್ತಾರೆ. ಮೈಲುತುತ್ತ, ಸುಣ್ಣದ ಕಲೆ ಕೈಮೇಲೆ ಇಟ್ಟುಕೊಂಡೇ ಕೆಲವರು ಬರುತ್ತಾರೆ, ಬಂದು ಕಂಬಕ್ಕೆ ಒರಗಿ ನಿದ್ದೆ ಮಾಡುತ್ತಾರೆ. ಅವರನ್ನು ನಾನು ಎಬ್ಬಿಸುವುದಿಲ್ಲ. ದಿನವಿಡೀ ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿಸಿ, ಮದ್ದು ಹೊಡೆಸಿ ಬಂದವನು ಮಾರ್ವಾ ರಾಗ ಕೇಳುತ್ತಾ ನಿದ್ದೆ ಹೋದರೆ ಅದೂ ಸಂಗೀತದ ಉಪಯೋಗವೇ.

ಆಗಸ್ಟ್‌ನಲ್ಲಿ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾಡುವ ಯಕ್ಷಗಾನ. ಮೇಳಗಳು ಮಳೆಗಾಲದಲ್ಲಿ ಆಟ ನಿಲ್ಲಿಸಿರುತ್ತವೆ, ಕಲಾವಿದರು ಸಿಗುತ್ತಾರೆ. ಆದರೆ ಆ ವರ್ಷದ ಮಳೆ ನಿಮಗೆ ನೆನಪಿರಬಹುದು. ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು. ಜೀವ ಹೋದ ಮನೆಗಳ ದುಃಖದ ಮುಂದೆ ನಮ್ಮ ಬೈಠಕ್ ದೊಡ್ಡದಲ್ಲ. ಮಾಡಬೇಕೋ ಬೇಡವೋ ಎಂದು ಎಲ್ಲರನ್ನೂ ಕೇಳಿಯೇ ಮಾಡಿದೆ. ಅಂಕೋಲಾ ಕಡೆಯ ಮದ್ದಳೆಗಾರರು ಯಲ್ಲಾಪುರ ಸುತ್ತಿ ಬಂದರು. ಅವರಿಗೆ ಪೆಟ್ರೋಲ್ ಖರ್ಚು ಬೇರೆಯಾಗಿ ಕೊಟ್ಟೆ. ಆ ದಿನದ ಹುಂಡಿಯ ದುಡ್ಡು ಪೂರ್ತಿ ಜೀವ ಹೋದ ಮನೆಗಳಿಗೆಂದು ಅವರ ಕೈಯಲ್ಲೇ ಕಳಿಸಿದೆವು.

ಮೈಕ್ ಇಲ್ಲದ ತಾಳಮದ್ದಳೆಯಲ್ಲಿ ಚಂಡೆ ಇಟ್ಟರೆ ಪದ ಕೇಳುವುದಿಲ್ಲ. ಚಂಡೆ ಬಿಟ್ಟು ಮದ್ದಳೆ, ತಾಳ ಮಾತ್ರ ಇಟ್ಟೆವು. ಹಳಬರು ಸಂತೋಷಪಟ್ಟರು, ಹುಡುಗರಿಗೆ ಸಪ್ಪೆ ಅನಿಸಿತು. ಇನ್ನೊಂದು ತಲೆನೋವು ಹೊತ್ತು. ಎರಡೂವರೆ ಗಂಟೆಯಲ್ಲಿ ಪ್ರಸಂಗ ಮುಗಿಯಬೇಕು ಎಂದಿದ್ದೆ. ಪಾತ್ರದ ಮಾತಾಡುವ ಅರ್ಥಧಾರಿಗಳಿಗೆ ಒಂದು ಪದ್ಯಕ್ಕೇ ಅರ್ಧ ಗಂಟೆ ಮಾತಾಡಿ ರೂಢಿ. ಕಾಗದದಲ್ಲಿ ಬರೆದು ಕಳಿಸಿದರೆ, ಗಡಿಯಾರ ತೋರಿಸಿದರೆ ಅವರಿಗೆ ಸಿಟ್ಟು ಬರುತ್ತದೆ, ಬರಬೇಕಾದ್ದೇ. ಕೊನೆಗೆ ಪದ ಹಾಡುವ ಭಾಗವತರ ಹತ್ತಿರ ಮಾತಾಡಿಕೊಂಡೆ. ಅವರು ಮುಂದಿನ ಪದ ಎತ್ತಿಬಿಟ್ಟರೆ ಎಂಥ ಅರ್ಥಧಾರಿಯೂ ನಿಲ್ಲಿಸಲೇಬೇಕು. ಆ ಹಕ್ಕು ಭಾಗವತರಿಗೆ ಮೊದಲಿನಿಂದಲೂ ಇದೆ, ಬಳಸುವವರು ಕಡಿಮೆ. ನಮ್ಮ ಭಾಗವತರು ಬಳಸಿದರು. ಕೃಷ್ಣನ ಪಾತ್ರದವರು ಮುಖ ಗಂಟು ಹಾಕಿಕೊಂಡರು, ಆದರೆ ಮಾತಿನ ಚುರುಕು ನೋಡಬೇಕಿತ್ತು. ಊಟಕ್ಕೆ ಕೂತಾಗ ಅವರೇ "ಅಡ್ಡಿಲ್ಲೆ, ಹೀಂಗೂ ಮಾಡ್ಲಕ್ಕು" ಎಂದರು.

ನವೆಂಬರ್ ತಪ್ಪಿದ್ದು ಕೊನೆಕೊಯ್ಲಿನಿಂದ, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸದಿಂದ. ಅಂಗಳ ತುಂಬ ಅಡಿಕೆ, ಜಗಲಿ ತುಂಬ ಸುಲಿಯುವವರು. ಎಲ್ಲಿ ಕೂರಿಸುವುದು? ಡಿಸೆಂಬರ್ ಕೂಡ ತಪ್ಪುತ್ತದೆ ಎನ್ನುವ ಹೊತ್ತಿಗೆ ಜಾಕಿರ್ ಹುಸೇನ್ ಹೋದ ಸುದ್ದಿ ಬಂತು, ಡಿಸೆಂಬರ್ 15. ತಬಲಾ ಹಿಡಿದವರಿಗೆ ಆ ದಿನ ಹೇಗಿತ್ತು ಎಂದು ಬರೆಯಬೇಕಾಗಿಲ್ಲ. ನನ್ನ ತಲೆಮಾರಿನ ಅರ್ಧ ಜನ ತಬಲಾ ಮುಟ್ಟಿದ್ದೇ ಅವರನ್ನು ಟೀವಿಯಲ್ಲಿ ನೋಡಿ. ಆ ತಿಂಗಳು ಬಿಡಬಾರದು ಎನಿಸಿತು. ಅಡಿಕೆ ಸರಿಸಲು ಆಗುವುದಿಲ್ಲ, ಸುಲಿಯುವ ಕೆಲಸ ನಿಲ್ಲಿಸಲೂ ಆಗುವುದಿಲ್ಲ. ಸರಿ, ಸುಲಿಯುವವರ ನಡುವೆಯೇ ಕೂತು ನುಡಿಸೋಣ ಎಂದುಕೊಂಡೆವು. ನಾವು ನಾಲ್ಕು ಜನ ತಬಲಾದವರು, ತಾಳದ ಲೆಕ್ಕ ಹಿಡಿಯುವ ಒಂದು ಹಾರ್ಮೋನಿಯಂ ಲೆಹರಾ, ಸುತ್ತ ಮೆಟ್ಟುಗತ್ತಿ ಇಟ್ಟುಕೊಂಡು ಕೂತ ಹತ್ತು ಹನ್ನೆರಡು ಹೆಂಗಸರು. ತೀನ್‌ತಾಲ್‌ನಲ್ಲಿ ಪೇಶ್ಕಾರ್ ಎನ್ನುವ ಪೀಠಿಕೆಯಿಂದ ಶುರು ಮಾಡಿ ಒಬ್ಬೊಬ್ಬರೂ ಅರ್ಧ ಗಂಟೆ. ಕಾಯ್ದಾ ಎನ್ನುವ ತಬಲಾ ರಚನೆ ನಡೆಯುವಾಗ ಅಡಿಕೆ ಸುಲಿಯುವ ಸದ್ದು ತಾನಾಗಿ ಲಯಕ್ಕೆ ಬಂದು ಸೇರಿತು. ಅದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ.

ಆಮೇಲೆ ಸುಲಿಯುತ್ತಿದ್ದವರಲ್ಲಿ ಒಬ್ಬರು "ನಾವೂ ಒಂದು ಹೇಳ್ತೇವೆ ಭಟ್ರೇ" ಎಂದರು. ಹೇಳಿದ್ದು ಒಂದಲ್ಲ, ಒಂದೂವರೆ ಗಂಟೆ. ಅವರ ಹಾಡಿಗೆ ನಾನು ತಬಲಾ ಸೇರಿಸಲು ನೋಡಿದೆ, ಕೂಡಲಿಲ್ಲ. ನಾಲ್ಕು ಮಾತ್ರೆಗೆ ಹೊಂದುತ್ತದೆ ಎನ್ನುವಾಗ ಒಂದು ಎಳೆತ, ಅಲ್ಲಿ ನಮ್ಮ ಲೆಕ್ಕ ಮುರಿಯುತ್ತದೆ. ಕೈ ಕಟ್ಟಿಕೊಂಡು ಕೇಳಿದೆ. ಸುಲಿಯುವವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಹಾಡಿದ ಹೊತ್ತಿಗೆ ಕೈ ನಿಂತಿತ್ತಲ್ಲ, ಅದು ಅವರ ನಷ್ಟ. ಆ ದಿನ ತಬಲಾದವರಿಗೆ ಕೊಟ್ಟಷ್ಟೇ ಅವರಿಗೂ, ತಲೆಗೆ 500, ಲಕೋಟೆಯಲ್ಲಿ. ಒಬ್ಬ ಚೀಟಿದಾರರು "ಇದು ಬೈಠಕ್ ಖರ್ಚಿಗೆ ಬರುತ್ತದಾ?" ಎಂದು ಕೇಳಿದರು. ಬರುತ್ತದೆ ಎಂದೆ. ಈ ವಿಷಯದಲ್ಲಿ ನನ್ನ ಹತ್ತಿರ ಚರ್ಚೆ ಇಲ್ಲ. ಜನವರಿಯಲ್ಲೂ ಹೀಗೆಯೇ ಮಾಡಿದೆವು. ಹಾಡಲು ಬಂದ ಗಾಯಕಿ ತಮ್ಮ ಕಛೇರಿ ಒಂದು ಗಂಟೆಗೆ ಮುಗಿಸಿ ಉಳಿದ ಹೊತ್ತು ಸುಲಿಯುವವರ ಹಾಡು ಬರೆದುಕೊಂಡರು.

ಗೋಡೆಯ ಕಥೆ ಬೇರೆ. ಜಗಲಿಯ ಒಳಗೋಡೆ 14 ಅಡಿ ಉದ್ದ, ಖಾಲಿ. ಅಲ್ಲಿ ದೀವರ ಸಮುದಾಯದ ಹೆಂಗಸರು ಬರೆಯುವ ಗೋಡೆ ಚಿತ್ರ, ಹಸೆ ಚಿತ್ತಾರ, ಬರೆಸಬೇಕು ಎಂದು ಆಸೆ. ಸಿದ್ದಾಪುರ ಕಡೆಯ ದೀವರ ಮನೆಯ ಒಬ್ಬ ಅಮ್ಮ ಒಪ್ಪಿದರು. ಬಂದವರೇ ಗೋಡೆ ಮುಟ್ಟಿ ನೋಡಿ "ಇದ್ರ ಮೇಲೆ ನಿಲ್ಲೋದಿಲ್ಲ" ಎಂದರು. ಗೋಡೆಗೆ ಎಮಲ್ಶನ್ ಬಣ್ಣ ಬಳಿದಿತ್ತು. ಆದರೂ ಒಂದು ಮೂಲೆಯಲ್ಲಿ ಬರೆದು ನೋಡಿದರು. ಕೆಮ್ಮಣ್ಣು ತಿಂಗಳೊಳಗೆ ಹಪ್ಪಳದ ಹಾಗೆ ಎದ್ದು ಬಂತು. ಬಣ್ಣ ಕೆರೆಸಿದೆ, ಆಳಿನ ಖರ್ಚು 3,000. ಕೆಳಗೆ ಸಿಮೆಂಟ್ ಗಿಲಾಯಿ, ಅದೂ ನುಣುಪು. ಸುಣ್ಣ ಬಳಿದು ಅದರ ಮೇಲೆ ಮಣ್ಣು ಮೆತ್ತಿದೆವು, ಒಣಗಿದಾಗ ಬಿರುಕು. ಶಿರಸಿ ಮಾರಿಕಾಂಬಾ ಗುಡಿಯ ಕಾವಿ ಚಿತ್ರ ನೋಡಿಕೊಂಡು ಬಂದೆ, ಅಲ್ಲಿ ಸುಣ್ಣದ ಗಾರೆಯನ್ನೇ ಕೊರೆದು ಬರೆದದ್ದು, ಕ್ರಮವೇ ಬೇರೆ. ಕರಾವಳಿಯ ಹಳೇ ಗುಡಿಗಳಲ್ಲಿ ಅದು ಇಷ್ಟು ವರ್ಷ ಬಾಳಿದ್ದು ಬಣ್ಣ ಗಾರೆಯ ಭಾಗವೇ ಆಗಿರುವುದರಿಂದ. ನಮ್ಮ ಗೋಡೆಗೆ ಅದನ್ನು ಮಾಡಿಸಲು ಕೈ ಬರುವ ಜನ ಸಿಗಲಿಲ್ಲ. ಕೊನೆಗೆ ಆ ಅಮ್ಮನೇ ಮಣ್ಣು, ಸಗಣಿಗೆ ಇನ್ನೊಂದು ಸಾಮಾನು ಸೇರಿಸಿ ಮೆತ್ತಿದರು. ಬಿರುಕು ಬರಲಿಲ್ಲ. ಆ ಸಾಮಾನು ಏನು ಎಂದು ಬರೆಯುವುದಿಲ್ಲ, ಅದು ಅವರ ಮನೆಯ ವಿದ್ಯೆ, ಹೇಳುವುದಾದರೆ ಅವರೇ ಹೇಳಬೇಕು.

ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಹಾಡು ನಡೆಯುವಾಗ ಅವರು ಬರೆಯಲಿ ಎಂದು ನನ್ನ ಯೋಜನೆ ಇತ್ತು. ಅವರು ಒಪ್ಪಲಿಲ್ಲ. ದೀಪದ ಬೆಳಕಿನಲ್ಲಿ ಎಳೆ ಸೊಟ್ಟಗಾಗುತ್ತದೆ, ಮಧ್ಯಾಹ್ನ ಬರೆದು ಸಂಜೆ ಹಾಡು ಕೇಳುತ್ತೇನೆ ಎಂದರು. ಅದೇ ಒಳ್ಳೆಯದಾಯಿತು. ಅವರು ಬರೆಯುವುದನ್ನು ನೋಡಲು ಜನ ನಾಲ್ಕು ಗಂಟೆಗೇ ಬರತೊಡಗಿದರು, ಬೈಠಕ್ ಹೊತ್ತಿಗೆ ಸರಿಯಾಗಿ ಶುರುವಾಯಿತು. ದಿನಕ್ಕೆ 1,500 ಕೊಟ್ಟೆ. ವರ್ಷದ ಕೊನೆಗೆ ಗೋಡೆ ತುಂಬಿದೆ. ಅವರಿಗೆ ಬುಟ್ಟಿ, ಹಲಗೆ, ಬಟ್ಟೆಯ ಮೇಲೆ ಬರೆದುಕೊಡಿ ಎಂದು ಬಂದ ಕೆಲಸ 20,000 ದಾಟಿದೆ. ಅದರಲ್ಲಿ ನಮ್ಮ ಪಾಲು ಇಲ್ಲ, ಬೇಡ ಎಂದು ಮೊದಲೇ ತೀರ್ಮಾನ ಮಾಡಿದ್ದೆ.

ಏಪ್ರಿಲ್‌ನಲ್ಲಿ ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗ್, ಅಂದರೆ ಗುಮಟೆ ಎನ್ನುವ ಮಣ್ಣಿನ ವಾದ್ಯ ಬಾರಿಸುತ್ತಾ ಹೇಳುವ ಹಾಡು. ಸುಗ್ಗಿ, ಹೋಳಿ ಹೊತ್ತಿಗೆ ಅವರು ಸಿಗುವುದಿಲ್ಲ, ಆಮೇಲೆ ಕರೆದೆ. ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರು ಫೆಬ್ರವರಿಯಲ್ಲಷ್ಟೇ ತೀರಿಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಬಂದ ಮೇಲೂ ಬಡಿಗೇರಿಯ ಮನೆಯಲ್ಲಿ ಹಾಡುತ್ತಲೇ ಇದ್ದ ಜೀವ ಅದು. ಬಂದವರು ಮೊದಲ ಹಾಡು ಅವರ ಹೆಸರಿನಲ್ಲೇ ಹೇಳಿದರು. ಗುಮಟೆಗೆ ಮೊದಲು ಉಡದ ಚರ್ಮ ಇರುತ್ತಿತ್ತು. ಕಾನೂನು ಬಿಡುವುದಿಲ್ಲ, ಈಗ ಆಡಿನ ಚರ್ಮ. ಘಟ್ಟದ ಮೇಲಿನ ರಾತ್ರಿ ತಂಪಿಗೆ ಅದು ಬೇಗ ಇಳಿಯುತ್ತದೆ, ಎರಡು ಹಾಡಿಗೊಮ್ಮೆ ಬೆಂಕಿಗೆ ಹಿಡಿಯಬೇಕಾಯಿತು. ಜಗಲಿಯೊಳಗೆ ಐದು ಗುಮಟೆ ಒಟ್ಟಿಗೆ ಬಾರಿಸಿದರೆ ಎದೆಗೇ ಹೊಡೆಯುತ್ತದೆ, ತಡೆಯಲು ಆಗಲಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲರೂ ಅಂಗಳಕ್ಕೆ ಇಳಿದೆವು. ದೇವಿಮನೆ ಘಟ್ಟದ ರಸ್ತೆ ಕೆಲಸದಿಂದಾಗಿ ಅವರ ಗಾಡಿ ತಡವಾಗಿ ಬಂತು, ವಾಪಸ್ ಹೊರಟಾಗ ಮಧ್ಯರಾತ್ರಿ ದಾಟಿತ್ತು. ಗಾಡಿ ಬಾಡಿಗೆಯೇ 6,000.

ಒಂದು ಬೈಠಕ್ ಕಾರವಾರಕ್ಕೆ ಒಯ್ದು ನೋಡಿದೆ, ಕೊನೆಯದು, ಮೇ ತಿಂಗಳು. ಅಲ್ಲಿ ಈ ಕ್ರಮ ಕೂಡಲಿಲ್ಲ. ಸೆಖೆಗೆ ಫ್ಯಾನ್ ಬೇಕು, ಫ್ಯಾನ್ ತಿರುಗಿದರೆ ಮೈಕ್ ಇಲ್ಲದ ಹಾಡು ಕೇಳುವುದಿಲ್ಲ. ಆರಿಸಿ ಎಂದರೆ ಜನ ಎದ್ದು ಹೋಗುತ್ತಾರೆ, ಅವರ ತಪ್ಪೂ ಅಲ್ಲ. ಕರಾವಳಿಯವರು ಮಾಡುವುದಾದರೆ ಡಿಸೆಂಬರ್, ಜನವರಿ ನೋಡಿ, ಇಲ್ಲವೇ ಸೂರ್ಯ ಮುಳುಗಿದ ಮೇಲೆ ಅಂಗಳದಲ್ಲಿ ಮಾಡಿ. ರೆಕಾರ್ಡಿಂಗ್ ಕೂಡ ಮಾಡಿದ್ದೇವೆ, ಎರಡು ಫೋನು, ಒಂದು ಎರವಲು ರೆಕಾರ್ಡರ್. ದುಡ್ಡೇನೂ ಬರಲಿಲ್ಲ. ಕಲಿಯುವ ಹುಡುಗರು ಕೇಳಿ ಒಯ್ಯುತ್ತಾರೆ, ಅಷ್ಟು ಸಾಕು.

ಲೆಕ್ಕ ಕೇಳುವವರಿಗಾಗಿ. ಚೀಟಿಯಿಂದ ಬಂದದ್ದು ಊರಿನವರದು 1,35,000, ದೂರದವರದು 24,000ದ ಹತ್ತಿರ. ಹುಂಡಿಯಿಂದ 18,000. ಚೀಟಿ ಮಾಡಿಸಿದ ಮೇಲೆ ಹುಂಡಿಗೂ ಜನ ಹಾಕುತ್ತಾರೆ, ಇದು ನನಗೂ ಹೊಸದು. ಖರ್ಚಿನಲ್ಲಿ ಕಲಾವಿದರಿಗೆ, ಅವರ ಪ್ರಯಾಣ ಸೇರಿ, 1,25,000. ಕಷಾಯ, ಅವಲಕ್ಕಿ, ಕೇಸರಿಬಾತ್, ಮಳೆಗಾಲದಲ್ಲಿ ಹಲಸಿನ ಹಪ್ಪಳ, ಎಲ್ಲ ಸೇರಿ 22,000. ಗೋಡೆಗೆ 14,000. ಜಮಖಾನ, ಲಾಟೀನು, ಪೆಟ್ಟಿಗೆ, ಥರ್ಮಾಕೋಲ್, ಪುಡಿ ಇತ್ಯಾದಿ 8,000. ನನ್ನ ತಬಲಾಕ್ಕೆ ನಾನು ತೆಗೆದುಕೊಂಡಿಲ್ಲ, ಮನೆಯವರ ದುಡಿಮೆಗೂ ಲೆಕ್ಕ ಇಲ್ಲ. ಅದನ್ನು ಸೇರಿಸಿದರೆ ನಷ್ಟವೇ. ಮುಂದಿನ ವರ್ಷದಿಂದ ಅಡುಗೆಗೆ ನಿಂತ ನನ್ನ ಹೆಂಡತಿ, ಅತ್ತಿಗೆ ಇಬ್ಬರಿಗೂ ಬೈಠಕ್‌ಗೆ ಇಷ್ಟು ಎಂದು ಎತ್ತಿಡುವುದು ಎಂದು ಚೀಟಿದಾರರೇ ಹೇಳಿದ್ದಾರೆ.

ಅದಕ್ಕಾಗಿ ಚೀಟಿ 3,500 ಆಗಿದೆ. ನಾಲ್ಕು ಮನೆ ಬಿಟ್ಟಿವೆ, ಒಂಬತ್ತು ಮನೆ ಹೊಸದಾಗಿ ಬಂದಿವೆ, ಇನ್ನು ಜಾಗ ಇಲ್ಲ. ಮುಂದೆ ಒಂದು ಕಷ್ಟ ಕಾಣುತ್ತಿದೆ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2025 ಜಾತ್ರೆ ಇಲ್ಲದ ವರ್ಷ. 2026ರಲ್ಲಿ ಜಾತ್ರೆ. ನಾಟಕ ಕಂಪನಿ, ಯಕ್ಷಗಾನ, ನೆಂಟರಿಷ್ಟರು ಎಂದು ಜನರ ದುಡ್ಡೂ ಹೊತ್ತೂ ಅಲ್ಲಿಗೆ ಹೋಗುತ್ತದೆ. ಆ ತಿಂಗಳ ಬೈಠಕ್ ಬಿಡುವುದೋ, ಜಾತ್ರೆಗೆ ಬಂದ ಕಲಾವಿದರನ್ನೇ ಒಂದು ಮಧ್ಯಾಹ್ನ ಇಲ್ಲಿಗೆ ಕರೆತರುವುದೋ ಎಂದು ಮಾತು ನಡೆದಿದೆ. ನನಗೆ ಎರಡನೆಯದು ಇಷ್ಟ. ಇಬ್ಬರ ಹತ್ತಿರ ಮಾತಾಡಿಯೂ ಆಗಿದೆ. ಜೂನ್‌ಗೆ ಹಾಡುವವರು ಕಪ್ಪು ನಾಲ್ಕರ ಶ್ರುತಿಯವರು, ನನ್ನ ಹತ್ತಿರ ಅಷ್ಟು ದೊಡ್ಡ ಬಾಯಿಯ ತಬಲಾ ಇಲ್ಲ. ಉಳಿದ 8,000ದಲ್ಲಿ ಮೊದಲು ಅದನ್ನೇ ತರುವುದು.